ತಂದೆಯ ಮೊಣಕಾಲಿನ ಆಪರೇಷನ್‌ಗೆ ಕೃತಕ ಸೆರಾಮಿಕ್ ಎಲುಬು ಹಾಕಿಸಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ತಂದೆಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ. ಬೈಕಿನಿಂದ ಬಿದ್ದು ಮೊಣಕಾಲಿನ ಕೆಳಗಿನ ಎಲುಬು ಒಳಕ್ಕೆ ಕುಸಿದಿದೆ. ಪ್ಲೇಟ್ ಹಾಕಿ, ಖಾಲಿ ಜಾಗಕ್ಕೆ ಸಿಂಥೆಟಿಕ್ ಬೋನ್ ಗ್ರಾಫ್ಟ್ (ಗುಳಿ ತುಂಬುವ ಕೃತಕ ಸೆರಾಮಿಕ್ ಎಲುಬು) ತುಂಬುತ್ತೇವೆ ಎಂದು ಡಾಕ್ಟರು ಹೇಳಿದ್ದಾರೆ. ನಿಮ್ಮ ಸೋದರಮಾವ ಮಾತ್ರ ‘ಹೊರಗಿನ ಕಲ್ಲು ಬೇಡ, ಟೊಂಕದ ಎಲುಬನ್ನೇ ತೆಗೆದು ಹಾಕಲಿ’ ಎನ್ನುತ್ತಿದ್ದಾರೆ. ಆ ಸಿಂಥೆಟಿಕ್ ಗ್ರಾಫ್ಟ್ ಯಾವುದೋ ಪ್ರಾಣಿಯ ಎಲುಬಿರಬಹುದು ಎಂಬ ಅನುಮಾನ ನಿಮ್ಮ ತಾಯಿಯವರದು.

ನಾನು ವಿಜಯಪುರದಲ್ಲಿ ಎಲುಬು-ಕೀಲಿನ ಡಾಕ್ಟರ್. ಈ ಮುರಿತ ನಮ್ಮ ಕಡೆ ತುಂಬಾ ನೋಡುತ್ತೇವೆ. ಕಬ್ಬಿನ ಸೀಸನ್ ಶುರುವಾದರೆ ಇನ್ನೂ ಜಾಸ್ತಿ. ರಾತ್ರಿ ಹಿಂದೆ ಲೈಟಿಲ್ಲದೆ ನಿಂತ ಟ್ರೇಲರ್, ಅದಕ್ಕೆ ಬಂದು ಗುದ್ದುವ ಬೈಕು. ಆದ್ದರಿಂದ ನಿಮ್ಮ ಮನೆಯಲ್ಲಿ ನಡೆಯುತ್ತಿರುವ ವಾದ ನನ್ನ ಓಪಿಡಿಯಲ್ಲೂ ಆಗಾಗ ನಡೆಯುತ್ತದೆ.

ನೇರವಾಗಿ ಹೇಳುತ್ತೇನೆ. ನೀವು ಬರೆದ ವಿವರ ಸರಿಯಿದ್ದರೆ, ನಿಮ್ಮ ತಂದೆಯ ಮುರಿತಕ್ಕೆ ಸೆರಾಮಿಕ್ ಒಳ್ಳೆಯ ಆಯ್ಕೆ. ಆದರೆ ಎಲ್ಲ ಮುರಿತಕ್ಕೂ ಅಲ್ಲ. ಮಾವ ಹೇಳುವ ಟೊಂಕದ ಎಲುಬು ಇವತ್ತಿಗೂ ಎಲ್ಲಕ್ಕಿಂತ ಶಕ್ತಿಯುತ ಗ್ರಾಫ್ಟ್, ಅದರಲ್ಲಿ ಎರಡು ಮಾತಿಲ್ಲ. ನಿಮ್ಮ ತಂದೆಯ ಕಾಲಿಗೆ ಅಷ್ಟು ಶಕ್ತಿಯ ಅಗತ್ಯ ಇದೆಯಾ ಅನ್ನೋದು ಬೇರೆ ಪ್ರಶ್ನೆ. ಇದು ತಿಳಿಯಬೇಕಾದರೆ ಒಳಗೆ ಏನಾಗಿದೆ ಅಂತ ನೋಡಬೇಕು.

ಮೊಣಕಾಲಿನ ಕೆಳಗಿನ ಎಲುಬಿನ ತಲೆ ಚಪ್ಪಟೆಯಾಗಿ, ಅಗಲವಾಗಿ ಇರುತ್ತದೆ. ಮೇಲೆ ನುಣುಪಾದ ಪದರ, ಅದರ ಕೆಳಗೆ ಸಣ್ಣ ಸಣ್ಣ ರಂಧ್ರಗಳ ಮೃದು ಎಲುಬು. ಜೋರಾಗಿ ಪೆಟ್ಟು ಬಿದ್ದಾಗ ತೊಡೆಯ ಎಲುಬು ಬಂದು ಈ ಪದರದ ಮೇಲೆ ಗುದ್ದುತ್ತದೆ. ಪದರ ಕೆಳಗೆ ಇಳಿಯುತ್ತದೆ, ಒಳಗಿನ ಮೃದು ಎಲುಬು ಅಪ್ಪಚ್ಚಿಯಾಗುತ್ತದೆ. ನಾವು ಆಪರೇಷನ್‌ನಲ್ಲಿ ಕೆಳಗಿನಿಂದ ಒಂದು ಸಣ್ಣ ಕಿಂಡಿ ಮಾಡಿ, ಕುಸಿದ ಪದರವನ್ನು ನಿಧಾನವಾಗಿ ಮೇಲಕ್ಕೆ ಎತ್ತುತ್ತೇವೆ. ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರದ ಪರದೆಯ ಮೇಲೆ ಆ ಗೆರೆ ತನ್ನ ಜಾಗಕ್ಕೆ ವಾಪಸ್ ಬರುವುದು ಕಾಣುತ್ತದೆ. ಆದರೆ ಅಪ್ಪಚ್ಚಿಯಾದ ಎಲುಬು ಮತ್ತೆ ಉಬ್ಬುವುದಿಲ್ಲ ಅಲ್ವಾ? ಹಾಗಾಗಿ ಎತ್ತಿದ ಪದರದ ಕೆಳಗೆ ಗುಳಿ ಉಳಿಯುತ್ತದೆ. ಅದನ್ನು ಖಾಲಿ ಬಿಟ್ಟರೆ ಪದರ ಮತ್ತೆ ಕುಸಿಯಬಹುದು. ಕುಸಿದರೆ ಕಾಲು ಸೊಟ್ಟಗಾಗುತ್ತದೆ, ಮುಂದೆ ಕೀಲು ಸವೆಯುತ್ತದೆ.

ಆ ಗುಳಿಯ ಸುತ್ತಲೂ ಜೀವಂತ ಎಲುಬಿದೆ, ರಕ್ತ ಚೆನ್ನಾಗಿ ಹರಿಯುತ್ತದೆ. ಮುರಿತ ಹೊಸದು. ಇಂಥ ಎಲುಬು ಕೂಡಲು ಹೊರಗಿನ ಒತ್ತಾಯ ಬೇಕಿಲ್ಲ, ತಾನಾಗಿಯೇ ಕೂಡುತ್ತದೆ. ಅದು ಕೂಡುವವರೆಗೆ ಪದರವನ್ನು ಕೆಳಗಿನಿಂದ ಎತ್ತಿ ಹಿಡಿಯುವ ವಸ್ತು ಮಾತ್ರ ಬೇಕು. ಆ ಕೆಲಸ ಸೆರಾಮಿಕ್‌ಗೆ ಚೆನ್ನಾಗಿ ಬರುತ್ತದೆ. ಒತ್ತಡ ತಡೆಯುವುದರಲ್ಲಿ ಅದು ಗಟ್ಟಿ. ಕ್ಯಾಲ್ಸಿಯಂ ಫಾಸ್ಫೇಟ್ ಸಿಮೆಂಟ್ ಅಂತ ಒಂದು ಬಗೆ ಇದೆ. ಕಲಸಿ ತುಂಬಿದರೆ ಒಳಗೇ ಗಟ್ಟಿಯಾಗುತ್ತದೆ. ಇದೇ ಮೊಣಕಾಲಿನ ಮುರಿತದಲ್ಲಿ ಆ ಸಿಮೆಂಟನ್ನೂ ಟೊಂಕದ ಎಲುಬನ್ನೂ ಹೋಲಿಸಿ ನೋಡಿದ ಅಧ್ಯಯನದಲ್ಲಿ, ಸಿಮೆಂಟ್ ತುಂಬಿದವರಲ್ಲಿ ಪದರ ಮತ್ತೆ ಕುಸಿದಿದ್ದು ಕಡಿಮೆ. ವಯಸ್ಸಾದವರ ಟೊಂಕದ ಎಲುಬೂ ಸಡಿಲವಾಗಿರುತ್ತದೆ. ಅದನ್ನು ತಂದು ತುಂಬಿದರೆ ಭಾರಕ್ಕೆ ಅಮುಕಿ ಹೋಗುವ ಸಾಧ್ಯತೆ ಇದೆ.

ಈಗ ತಾಯಿಯವರ ಅನುಮಾನಕ್ಕೆ ಬರೋಣ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಮಾಂಸ ಮುಟ್ಟದ ಮನೆಗಳು ಸಾಕಷ್ಟಿವೆ. ಮೈಯೊಳಗೆ ಏನು ಹಾಕುತ್ತಾರೆ ಅಂತ ಕೇಳುವುದು ಅವರ ಹಕ್ಕು. ಸಿಂಥೆಟಿಕ್ ಸೆರಾಮಿಕ್ ಪ್ರಾಣಿಯಿಂದ ಬಂದಿದ್ದಲ್ಲ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಲವಣಗಳಿಂದ ಕಾರ್ಖಾನೆಯಲ್ಲಿ ಪುಡಿ ಮಾಡುತ್ತಾರೆ. ಸುಟ್ಟು ಹೋಗುವ ಇನ್ನೊಂದು ವಸ್ತುವನ್ನು ಅದರಲ್ಲಿ ಬೆರೆಸಿ, ಸಾಮಾನ್ಯವಾಗಿ 1000 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಸುಡುತ್ತಾರೆ. ಬೆರೆಸಿದ್ದು ಸುಟ್ಟು ಹೋಗಿ ಅದರ ಜಾಗದಲ್ಲಿ ರಂಧ್ರಗಳು ಉಳಿಯುತ್ತವೆ. ನಮ್ಮ ಎಲುಬಿನ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಇದೇ ಜಾತಿಯ ಖನಿಜ. ಸೆರಾಮಿಕ್‌ನಲ್ಲಿ ಜೀವಕೋಶವೂ ಇಲ್ಲ, ಪ್ರೋಟೀನೂ ಇಲ್ಲ. ಹಾಗಾಗಿ ಕಿಡ್ನಿ ಕಸಿಯಲ್ಲಿ ಆಗುವ ಹಾಗೆ ದೇಹ ಇದನ್ನು ತಿರಸ್ಕರಿಸುವುದಿಲ್ಲ. ಬೇರೆಯವರ ರೋಗ ಇದರಿಂದ ದಾಟಿ ಬರುವ ಭಯವೂ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಇದೆ. ಮಾರುಕಟ್ಟೆಯಲ್ಲಿ ‘ಬೋನ್ ಗ್ರಾಫ್ಟ್’ ಅಂತ ಬರುವುದೆಲ್ಲ ಸಿಂಥೆಟಿಕ್ ಅಲ್ಲ. ದನದ ಎಲುಬನ್ನು ಸಂಸ್ಕರಿಸಿ ಮಾಡಿದ್ದೂ ಇದೆ, ಹಲ್ಲಿನ ಡಾಕ್ಟರುಗಳು ದವಡೆಗೆ ಅದನ್ನು ಬಳಸುತ್ತಾರೆ. ಸಮುದ್ರದ ಹವಳದಿಂದ ಮಾಡಿದ್ದಿದೆ. ದಾನಿಗಳಿಂದ ಪಡೆದ ಮನುಷ್ಯರ ಎಲುಬು ಬೋನ್ ಬ್ಯಾಂಕಿನಿಂದ ಬರುತ್ತದೆ. ಕೆಲವು ಸೆರಾಮಿಕ್ ಪಟ್ಟಿಗಳಲ್ಲಿ ಪ್ರಾಣಿಗಳ ಕೊಲಾಜೆನ್ ಎಂಬ ಪ್ರೋಟೀನ್ ಬೆರೆಸಿರುತ್ತಾರೆ. ಆದ್ದರಿಂದ ‘ಪೂರ್ತಿ ಸಿಂಥೆಟಿಕ್ಕಾ, ಕೊಲಾಜೆನ್ ಇದೆಯಾ’ ಅಂತ ಡಾಕ್ಟರಿಗೆ ಬಾಯಿಬಿಟ್ಟು ಕೇಳಿ. ಪ್ಯಾಕೆಟ್ ಮೇಲೆ ಬರೆದಿರುತ್ತದೆ, ತೋರಿಸಲು ಯಾರೂ ಬೇಸರ ಮಾಡಿಕೊಳ್ಳಬಾರದು.

ಎಲುಬಿನ ಗುಳಿಗೆ ಹೊರಗಿನ ವಸ್ತು ತುಂಬುವುದು ಹೊಸ ಪ್ರಯೋಗವೂ ಅಲ್ಲ. 1892ರಲ್ಲೇ ಜರ್ಮನಿಯ ಡ್ರೀಸ್ಮನ್ ಎಂಬ ಸರ್ಜನ್ ಎಲುಬಿನ ಗುಳಿಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ ಬಗ್ಗೆ ಬರೆದಿದ್ದರು. ಅದು ಕ್ಯಾಲ್ಸಿಯಂ ಸಲ್ಫೇಟ್. ಅದರ ಶುದ್ಧ ರೂಪವನ್ನು ಈಗಲೂ ಬಳಸುತ್ತೇವೆ. 1969ರಲ್ಲಿ ಅಮೆರಿಕದ ಲ್ಯಾರಿ ಹೆಂಚ್ ಎಲುಬಿಗೆ ಅಂಟಿಕೊಳ್ಳುವ ಗಾಜು ಕಂಡುಹಿಡಿದರು. ನಮ್ಮ ದೇಶದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಇಂಥ ಸೆರಾಮಿಕ್‌ಗಳ ಮೇಲೆ ವರ್ಷಗಳಿಂದ ಕೆಲಸ ಮಾಡಿದೆ.

ಇವತ್ತು ಹೆಚ್ಚಾಗಿ ಬಳಸುವುದು ಎರಡು ವಸ್ತು. ಹೈಡ್ರಾಕ್ಸಿಅಪಟೈಟ್ ಗಟ್ಟಿ, ಬಹಳ ನಿಧಾನ ಕರಗುತ್ತದೆ, ವರ್ಷಗಟ್ಟಲೆ ಒಳಗೇ ಉಳಿಯುತ್ತದೆ. ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬೇಗ ಕರಗುತ್ತದೆ, ಸುಮಾರು ಆರು ತಿಂಗಳಿಂದ ಎರಡು ವರ್ಷದೊಳಗೆ ಅದರ ಬಹುಪಾಲು ಜಾಗವನ್ನು ಎಲುಬು ಹಿಡಿಯುತ್ತದೆ. ಎರಡನ್ನೂ ಬೆರೆಸಿ ಮಾಡಿದ್ದೂ ಸಿಗುತ್ತದೆ, ಅದರಲ್ಲಿ ಹೈಡ್ರಾಕ್ಸಿಅಪಟೈಟ್ 60, ಇನ್ನೊಂದು 40ರ ಪ್ರಮಾಣ ಸಾಮಾನ್ಯ. ಪ್ಲಾಸ್ಟರಿನ ಬಗೆಯದು ಇನ್ನೂ ಬೇಗ, ಕೆಲವೇ ವಾರಗಳಲ್ಲಿ ಕರಗಿ ಹೋಗುತ್ತದೆ. ಮೊಣಕಾಲಿನ ಪದರ ಹಿಡಿದು ನಿಲ್ಲಿಸಲು ಅಷ್ಟು ಬೇಗ ಕರಗುವುದು ನನಗೆ ಇಷ್ಟವಿಲ್ಲ. ಎಲುಬು ಗಟ್ಟಿಯಾಗುವ ಮೊದಲೇ ಆಸರೆ ಹೋಗಿಬಿಟ್ಟರೆ ಏನು ಪ್ರಯೋಜನ?

ಇಲ್ಲಿ ನಮ್ಮ ತಿಕೋಟಾ ಕಡೆಯ ದ್ರಾಕ್ಷಿ ತೋಟ ನೆನಪಿಸಿಕೊಳ್ಳಿ. ಕಂಬ ನೆಟ್ಟು ತಂತಿ ಎಳೆದು ಚಪ್ಪರ ಕಟ್ಟುತ್ತಾರೆ. ಚಪ್ಪರ ಎಷ್ಟೇ ಚೆನ್ನಾಗಿದ್ದರೂ ಬಳ್ಳಿ ಇಲ್ಲದೆ ಹಣ್ಣು ಬರುವುದಿಲ್ಲ. ಬಳ್ಳಿ ಇದ್ದು ನೀರಿಲ್ಲದಿದ್ದರೂ ಅಷ್ಟೇ. ಸೆರಾಮಿಕ್ ಎಲುಬಿಗೆ ಚಪ್ಪರ. ಅದರ ರಂಧ್ರಗಳೊಳಗೆ ಮೊದಲು ಸಣ್ಣ ರಕ್ತನಾಳಗಳು ನುಗ್ಗುತ್ತವೆ, ಅವುಗಳ ಹಿಂದೆ ಎಲುಬು ಕಟ್ಟುವ ಜೀವಕೋಶಗಳು ಬರುತ್ತವೆ. ರಂಧ್ರ 100 ಮೈಕ್ರಾನ್‌ಗಿಂತ (ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲಿಗಿಂತ) ದೊಡ್ಡದಿರಬೇಕು, 300ರ ಮೇಲಿದ್ದರೆ ಇನ್ನೂ ಒಳ್ಳೆಯದು. ಒಂದಕ್ಕೊಂದು ಕೂಡಿಕೊಂಡೂ ಇರಬೇಕು. ಜೀವಕೋಶಗಳು ಮಾತ್ರ ನಿಮ್ಮ ತಂದೆಯ ಮೈಯಿಂದಲೇ ಬರಬೇಕು. ಸೆರಾಮಿಕ್ ಅವನ್ನು ತರುವುದಿಲ್ಲ. ಟೊಂಕದ ಎಲುಬು ಬೇರೆಯದೇ ಲೆಕ್ಕ: ಅದರಲ್ಲಿ ಆಸರೆಯೂ ಇದೆ, ಜೀವಕೋಶವೂ ಇದೆ, ಬೇರೆ ಜೀವಕೋಶಗಳನ್ನು ಎಬ್ಬಿಸಿ ಎಲುಬು ಕಟ್ಟಿಸುವ ಪ್ರೋಟೀನೂ ಇದೆ.

ಮಾವನ ಮಾತು ಎಲ್ಲಿ ಪೂರ್ತಿ ಸರಿಯಾಗುತ್ತದೆ ಅಂದರೆ, ಮುರಿದು ತಿಂಗಳುಗಟ್ಟಲೆ ಆದರೂ ಎಲುಬು ಕೂಡದೆ ಉಳಿದಾಗ. ಇಂಡಿ ಕಡೆಯ ಒಬ್ಬ ರೈತರು ಬಂದಿದ್ದರು. ಮೊಣಕಾಲಿನ ಕೆಳಗಿನ ಎಲುಬು ನಟ್ಟನಡುವೆ ಮುರಿದು, ರಾಡ್ ಹಾಕಿಸಿಕೊಂಡು ಒಂದು ವರ್ಷದ ಹತ್ತಿರ ಆಗಿತ್ತು. ಕಾಲೂರಿದರೆ ಇನ್ನೂ ನೋವು. ಎಕ್ಸ್‌ರೇಯಲ್ಲಿ ಎರಡೂ ತುದಿಗಳು ನುಣ್ಣಗೆ ಮುಚ್ಚಿಕೊಂಡು, ನಡುವೆ ಕಪ್ಪು ಗೆರೆ. ‘ಸಾಹೇಬ್ರ, ಟೊಂಕಕ್ಕ ಕೈ ಹಚ್ಚಬ್ಯಾಡ್ರಿ, ಆ ಪುಡಿನೇ ಹಾಕಿಬಿಡ್ರಿ’ ಅಂತ ಅವರ ಮಗ ಬೇಡಿಕೊಂಡ. ನಾನು ಒಪ್ಪಲಿಲ್ಲ. ಆ ತುದಿಗಳಲ್ಲಿ ರಕ್ತವೂ ಕಡಿಮೆ, ಎಲುಬು ಕಟ್ಟುವ ಉತ್ಸಾಹವೂ ಸತ್ತಿತ್ತು. ಅಲ್ಲಿ ಬರೀ ಸೆರಾಮಿಕ್ ಹಾಕಿದರೆ ಅದರ ಬಿಳಿ ಹರಳು ಹರಳಾಗಿಯೇ ಉಳಿಯುತ್ತಿತ್ತು. ತುದಿಗಳನ್ನು ರಕ್ತ ಬರುವವರೆಗೆ ಕೆರೆದು, ಟೊಂಕದ ಎಲುಬು ತುಂಬಿ, ದಪ್ಪ ರಾಡ್ ಹಾಕಿದೆವು. ಆ ಎಲುಬು ಕೂಡಿತು.

ಹೀಗೆ ಕಾಲಿನ ಎಲುಬಿನ ನಡುಭಾಗ ಮುರಿದಾಗ ಇನ್ನೊಂದು ತೊಂದರೆ ಇದೆ. ಸೆರಾಮಿಕ್ ಒತ್ತಡಕ್ಕೆ ಗಟ್ಟಿ, ಆದರೆ ಬಾಗಿಸಿದರೆ, ತಿರುಚಿದರೆ ಪುಡಿಯಾಗುತ್ತದೆ. ಅದಕ್ಕೇ ಅದನ್ನು ಒಂಟಿಯಾಗಿ ಎಲ್ಲೂ ನಂಬುವುದಿಲ್ಲ. ನಿಮ್ಮ ತಂದೆಗೂ ಭಾರ ಹೊರುವುದು ಪ್ಲೇಟು ಮತ್ತು ಪದರದ ಕೆಳಗೆ ಸಾಲಾಗಿ ಹಾಕುವ ಸ್ಕ್ರೂಗಳು. ಸೆರಾಮಿಕ್ ಅವುಗಳ ಜೊತೆಗಾರ. ‘ಗ್ರಾಫ್ಟ್ ಹಾಕಿದ್ದೇವೆ, ಪ್ಲೇಟ್ ಬೇಡ’ ಅಂತ ಯಾರಾದರೂ ಹೇಳಿದರೆ ಎರಡನೇ ಡಾಕ್ಟರನ್ನು ಕೇಳಿ.

ಕೀವಾದ ಜಾಗಕ್ಕೂ ಮಾಮೂಲಿ ಸೆರಾಮಿಕ್ ಬೇಡ. ರಕ್ತನಾಳ ನುಗ್ಗುವ ಮೊದಲು ಅದು ಹೊರಗಿನ ವಸ್ತುವೇ, ರೋಗಾಣು ಅದರ ಮೇಲೆ ಕೂತರೆ ಎಬ್ಬಿಸುವುದು ಕಷ್ಟ. ಅಲ್ಲಿ ಬೇಗ ಕರಗುವ ಕ್ಯಾಲ್ಸಿಯಂ ಸಲ್ಫೇಟ್ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಆ್ಯಂಟಿಬಯೋಟಿಕ್ ಕಲಸಿ ಮಣಿ ಮಾಡಿ ಇಡುತ್ತೇವೆ. ಅದು ಕರಗುವಾಗ ಗಾಯದಿಂದ ನೀರಿನಂಥ ದ್ರವ ಒಸರುವುದುಂಟು, ಬಹಳ ಸಲ ತಾನಾಗಿಯೇ ನಿಲ್ಲುತ್ತದೆ. ಆದರೂ ಒಸರಿದರೆ ಡಾಕ್ಟರಿಗೆ ತೋರಿಸಲೇಬೇಕು.

ಮತ್ತೆ ನಿಮ್ಮ ತಂದೆಯ ವಿಷಯ. ಟೊಂಕದಿಂದ ಎಲುಬು ತೆಗೆಯುವುದು ಸುಮ್ನೆ ಒಂದು ಚೂರು ಕೆತ್ತಿದಂತಲ್ಲ. ಅದು ಇನ್ನೊಂದು ಗಾಯ. ಹಲವರಿಗೆ ಕಾಲಿಗಿಂತ ಟೊಂಕವೇ ಜಾಸ್ತಿ ನೋಯುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ. ಅಲ್ಲೇ ಹಾದು ಹೋಗುವ ನರಕ್ಕೆ ಪೆಟ್ಟಾದರೆ ತೊಡೆಯ ಹೊರಬದಿ ಜೋಮು ಹಿಡಿದಂತಾಗುತ್ತದೆ. ರಕ್ತ ಹೆಪ್ಪುಗಟ್ಟಬಹುದು, ಕೀವಾಗಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಗಾಯ ಮಾಯುವುದೇ ದೊಡ್ಡ ಕೆಲಸ. ಬೇಡದ ಎರಡನೇ ಗಾಯ ಏಕೆ? ನನ್ನ ಸ್ವಂತ ತಂದೆಗೆ ಈ ಮುರಿತ ಆಗಿದ್ದರೆ ನಾನು ಸೆರಾಮಿಕ್ಕನ್ನೇ ಆರಿಸುತ್ತಿದ್ದೆ.

ಓಟಿಯೊಳಗೆ ಇದು ಹೇಗೆ ನಡೆಯುತ್ತದೆ ಅಂತಲೂ ಹೇಳುತ್ತೇನೆ, ಮಾವನ ‘ಕಲ್ಲು’ ಎಂಬ ಭಯ ಕಡಿಮೆಯಾಗಬಹುದು. ಸಣ್ಣ ಬಾಟಲಿಯಲ್ಲಿ ಕೆಲವು ಮಿಲಿಮೀಟರ್ ಗಾತ್ರದ ಬಿಳಿ ಹರಳುಗಳು ಬರುತ್ತವೆ. ಬಾಟಲಿ ಮುಂಚೆಯೇ ಸ್ಟೆರೈಲ್ ಆಗಿರುತ್ತದೆ. ಸಿಸ್ಟರ್ ಅದನ್ನು ಸ್ಟೀಲ್ ಬಟ್ಟಲಿಗೆ ಸುರಿಯುತ್ತಾರೆ. ಮುರಿದ ಎಲುಬಿನಿಂದಲೇ ಒಸರಿದ ರಕ್ತವನ್ನು ಸಿರಿಂಜಿನಲ್ಲಿ ಎಳೆದು ಅದರ ಮೇಲೆ ಬಿಡುತ್ತೇನೆ. ಹರಳು ರಕ್ತ ಹೀರಿ ಒಳಗಿನವರೆಗೂ ಕೆಂಪಾಗುತ್ತದೆ. ರಂಧ್ರಗಳು ಒಂದಕ್ಕೊಂದು ಕೂಡಿಕೊಂಡಿವೆ ಅನ್ನುವುದು ಆಗ ಕಣ್ಣಿಗೇ ಕಾಣುತ್ತದೆ. ಸ್ವಲ್ಪ ಹೊತ್ತಿನಲ್ಲಿ ರಕ್ತ ಹೆಪ್ಪುಗಟ್ಟಿ ಹರಳುಗಳು ಒಂದಕ್ಕೊಂದು ಅಂಟುತ್ತವೆ, ತುಂಬಲು ಸುಲಭವಾಗುತ್ತದೆ. ಆಮೇಲೆ ಕಿಂಡಿಯ ಮೂಲಕ ಸ್ವಲ್ಪ ಸ್ವಲ್ಪವಾಗಿ ಒಳಗೆ ತಳ್ಳಿ, ಪದರದ ಕೆಳಗೆ ಒತ್ತಿ ಕೂರಿಸುತ್ತೇವೆ. ಸುತ್ತಿಗೆಯಿಂದ ಜೋರಾಗಿ ಬಡಿಯಬಾರದು. ಬಡಿದರೆ ಹರಳು ಪುಡಿಯಾಗುತ್ತದೆ, ರಂಧ್ರ ಮುಚ್ಚುತ್ತದೆ, ರಕ್ತನಾಳ ನುಗ್ಗಲು ದಾರಿಯೇ ಇರುವುದಿಲ್ಲ. ಹರಳಿಗೂ ಜೀವಂತ ಎಲುಬಿಗೂ ನಡುವೆ ಸಂದು ಬಿಡಬಾರದು. ಹರಳು ಕೀಲಿನೊಳಗೆ ಜಾರಿಲ್ಲ ಅಂತಲೂ ನೋಡಬೇಕು. ಈ ಕೆಲಸದಲ್ಲಿ ಗಡಿಬಿಡಿ ನಡೆಯುವುದಿಲ್ಲ.

ಆಪರೇಷನ್ ಆದ ಮೇಲೆ ಬಹಳ ಜನ ದಾರಿ ತಪ್ಪುವುದು ಎಕ್ಸ್‌ರೇ ನೋಡಿ. ಸೆರಾಮಿಕ್ ಎಲುಬಿಗಿಂತ ಬಿಳಿಯಾಗಿ ಕಾಣುತ್ತದೆ, ಅದೂ ಮೊದಲ ದಿನದಿಂದಲೇ. ‘ಬೆಳ್ಳಗಾಗೈತಿ, ಎಲುಬು ಕೂಡೇತಿ’ ಅಂತ ಮನೆಯವರು ನಡೆಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಆ ಬಿಳುಪು ನಾವು ತುಂಬಿದ್ದು, ಬೆಳೆದದ್ದಲ್ಲ. ನಾವು ನೋಡುವುದು ಹರಳಿನ ಅಂಚನ್ನು. ಮೊದಮೊದಲು ಅಂಚು ಚೂಪಾಗಿ, ಎಣಿಸುವಷ್ಟು ಸ್ಪಷ್ಟವಾಗಿರುತ್ತದೆ. ತಿಂಗಳು ಕಳೆದಂತೆ ಅಂಚು ಮಸುಕಾಗಿ ಸುತ್ತಲಿನ ಎಲುಬಿನಲ್ಲಿ ಬೆರೆಯುತ್ತದೆ. ಸಾಮಾನ್ಯವಾಗಿ 6ರಿಂದ 12 ವಾರ ಪೂರ್ತಿ ಭಾರ ಹಾಕಲು ಬಿಡುವುದಿಲ್ಲ. ಮುರಿತ ಎಷ್ಟು ದೊಡ್ಡದು, ಪ್ಲೇಟ್ ಎಷ್ಟು ಗಟ್ಟಿಯಾಗಿ ಕೂತಿದೆ ಅನ್ನುವುದರ ಮೇಲೆ ನಿಮ್ಮ ಡಾಕ್ಟರು ಹೇಳುತ್ತಾರೆ. ಭಾರ ಬೇಡ ಅಂದರೆ ಮಂಚದ ಮೇಲೆ ಮಲಗಿಸಿಡಿ ಅಂತ ಅರ್ಥವಲ್ಲ. ಮೊಣಕಾಲು ಮಡಿಸುವ ವ್ಯಾಯಾಮ ಬೇಗ ಶುರುವಾಗಬೇಕು, ಇಲ್ಲದಿದ್ದರೆ ಕೀಲು ಬಿಗಿದುಕೊಳ್ಳುತ್ತದೆ. ಹರಳು ಪೂರ್ತಿ ಕರಗದೆ ವರ್ಷಗಳ ನಂತರವೂ ಕಂಡರೆ ಹೆದರಬೇಡಿ. ತೆಗೆಸುವ ಅಗತ್ಯವಿಲ್ಲ, ಮುಂದೆ ಎಂಆರ್‌ಐ ಮಾಡಿಸಲು ಅದು ಅಡ್ಡಿಯಾಗುವುದಿಲ್ಲ.

ಸೆರಾಮಿಕ್ ಯಾವ ಕಂಪನಿಯದು ಅನ್ನುವುದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಿಮ್ಮ ತಂದೆ ತಂಬಾಕು ತಿನ್ನುತ್ತಾರಾ, ಬೀಡಿ ಸೇದುತ್ತಾರಾ? ನೀವು ಬರೆದಿಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹರಳಿನ ರಂಧ್ರದೊಳಗೆ ನುಗ್ಗಬೇಕಾದದ್ದು ಅದೇ ರಕ್ತನಾಳ. ಅಂಗೈಯಲ್ಲಿ ತಂಬಾಕು-ಸುಣ್ಣ ತಿಕ್ಕುವ ಅಭ್ಯಾಸ ನಮ್ಮ ಹಿರಿಯರಲ್ಲಿ ಎಷ್ಟು ಗಟ್ಟಿ ಅಂತ ನನಗೆ ಗೊತ್ತು. ಬೈದರೆ ಬಿಡುವುದಿಲ್ಲ, ಕದ್ದು ತಿನ್ನುತ್ತಾರೆ. ಪಕ್ಕದಲ್ಲಿ ಕೂತು ‘ಅಪ್ಪಾ, ಎಲುಬು ಕೂಡುವವರೆಗಾದರೂ ಬಿಡು’ ಅಂತ ಹೇಳಿ ನೋಡಿ. ಸಕ್ಕರೆಯನ್ನು ಆಪರೇಷನ್ ಮೊದಲೂ ನಂತರವೂ ಹಿಡಿತದಲ್ಲಿಡಿ. ವಿಟಮಿನ್ ಡಿ ಪರೀಕ್ಷೆ ಮಾಡಿಸಿ, ದಿನವಿಡೀ ಬಿಸಿಲಲ್ಲಿ ಇರುವವರಲ್ಲೂ ಅದು ಕಡಿಮೆ ಇರುವುದನ್ನು ನೋಡಿದ್ದೇನೆ. ಮತ್ತೆ, ಆಪರೇಷನ್‌ವರೆಗೆ ಕಾಲಿಗೆ ನಾಟಿ ಕಟ್ಟು ಬೇಡ. ಈ ಮುರಿತದಲ್ಲಿ ಕಾಲು ಬೇಗ ಬಾಯುತ್ತದೆ, ಮೇಲೆ ಬಿಗಿಯಾಗಿ ಕಟ್ಟಿದರೆ ರಕ್ತ ಓಡಾಟವೇ ನಿಲ್ಲಬಹುದು.

ಖರ್ಚಿನ ಮಾತನ್ನು ಆಪರೇಷನ್‌ಗೆ ಮೊದಲೇ ಬಗೆಹರಿಸಿಕೊಳ್ಳಿ. ಪ್ಲೇಟಿನ ದುಡ್ಡು ಬೇರೆ, ಗ್ರಾಫ್ಟಿನ ದುಡ್ಡು ಬೇರೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಮಾಡಿಸುತ್ತಿದ್ದರೆ ಗ್ರಾಫ್ಟ್ ಪ್ಯಾಕೇಜಿನೊಳಗೇ ಸೇರಿದೆಯಾ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ. ಎಷ್ಟು ಸಿಸಿ (ಅಂದರೆ ಮಿಲಿಲೀಟರ್) ಗ್ರಾಫ್ಟ್ ಬೇಕಾಗಬಹುದು ಅಂತ ಡಾಕ್ಟರನ್ನು ಕೇಳಿ, ಸಿಟಿ ಸ್ಕ್ಯಾನ್ ನೋಡಿ ಅಂದಾಜು ಹೇಳುತ್ತಾರೆ. ಪ್ಯಾಕೆಟ್ಟಿನ ಸ್ಟಿಕ್ಕರನ್ನು ನಿಮ್ಮ ಫೈಲಿನಲ್ಲಿ ಅಂಟಿಸಲು ಹೇಳಿ. ಅದರಲ್ಲಿ ವಸ್ತುವಿನ ಹೆಸರು, ಬ್ಯಾಚ್ ನಂಬರ್, ಅವಧಿ ಎಲ್ಲ ಇರುತ್ತದೆ. ಒಮ್ಮೆ ತೆರೆದ ಬಾಟಲಿಯಲ್ಲಿ ಉಳಿದದ್ದನ್ನು ಇನ್ನೊಬ್ಬರಿಗೆ ಹಾಕುವಂತಿಲ್ಲ.

ಕೊನೆಗೆ ಒಪ್ಪಿಗೆ ಪತ್ರದ ವಿಷಯ. ಸಿಟಿ ಸ್ಕ್ಯಾನಿನಲ್ಲಿ ಕಂಡದ್ದಕ್ಕಿಂತ ಒಳಗಿನ ಗುಳಿ ದೊಡ್ಡದಿರುವುದು ಆಗಾಗ ಆಗುತ್ತದೆ. ಆಗ ಸೆರಾಮಿಕ್ ಜೊತೆ ಸ್ವಲ್ಪ ಟೊಂಕದ ಎಲುಬನ್ನೂ ಬೆರೆಸಿ ತುಂಬುವುದು ವಾಡಿಕೆ. ಅದಕ್ಕೇ ಟೊಂಕದ ಜಾಗವನ್ನೂ ಸ್ವಚ್ಛ ಮಾಡಿ ತಯಾರಿಡುತ್ತೇವೆ, ಬೇಕಾಗದಿದ್ದರೆ ಮುಟ್ಟುವುದಿಲ್ಲ. ಒಪ್ಪಿಗೆ ಪತ್ರದಲ್ಲಿ ಎರಡೂ ಬರೆದಿದ್ದರೆ ಗಾಬರಿಯಾಗಬೇಡಿ, ಸಹಿ ಹಾಕುವ ಮೊದಲು ಮಾವನನ್ನೂ ಕರೆದುಕೊಂಡು ಹೋಗಿ ಡಾಕ್ಟರ ಎದುರು ಕೂರಿಸಿ. ಅವರ ಪ್ರಶ್ನೆಗಳನ್ನು ಅವರೇ ಕೇಳಲಿ.